ರಾಜಾಜಿನಗರದ ತಾರಸಿಯಿಂದ ರೋಸೆಟ್ ನೀಹಾರಿಕೆ

ಊರೊಳಗಿಂದ ರೋಸೆಟ್, ಅಂದರೆ ಆಕಾಶದಲ್ಲಿ ಗುಲಾಬಿಯಂತೆ ಕಾಣುವ ಆ ಅನಿಲದ ಮೋಡ, ಸಿಗುವುದಿಲ್ಲ, ಕೋಲಾರ ದಾಟಿ ಹೋಗಬೇಕು ಎಂದವರಿಗೆಲ್ಲ ಚಿತ್ರ ಕಳುಹಿಸಿಯಾಗಿದೆ. ನಡುವಿನ ಟೊಳ್ಳು, ಅದರೊಳಗಿನ ಎನ್‌ಜಿಸಿ 2244 ನಕ್ಷತ್ರಗುಚ್ಛ, ಕಪ್ಪು ಧೂಳಿನ ಎಳೆಗಳು, ಎಲ್ಲವೂ ಬಂದಿವೆ. ಒಬ್ಬರು ಮಾತ್ರ ಇನ್ನೂ ನಂಬಿಲ್ಲ.

ಹೆಚ್ಚು ಕಾಡಿದ್ದು ಮೌಂಟ್, ದೂರದರ್ಶಕವನ್ನು ಹೊತ್ತು ನಕ್ಷತ್ರಗಳ ಜೊತೆ ತಿರುಗಿಸುವ ಯಂತ್ರ. ಸೆಕೆಂಡ್‌ಹ್ಯಾಂಡ್‌ನಲ್ಲಿ ಮೂವತ್ತೆಂಟು ಸಾವಿರದಷ್ಟು ಕೊಟ್ಟಿದ್ದೆ. ನಮ್ಮ ಅಕ್ಷಾಂಶ 13 ಡಿಗ್ರಿ, ಮೌಂಟಿನ ಅಕ್ಷವೂ ಅಷ್ಟೇ ಎತ್ತರಕ್ಕೆ ನಿಲ್ಲಬೇಕು. ಅದು 20ಕ್ಕಿಂತ ಕೆಳಗೆ ಬಾಗುವುದೇ ಇಲ್ಲ. ಬಲವಂತ ಮಾಡಿದರೆ ದೂರದರ್ಶಕಕ್ಕೆ ಸಮತೂಕ ಕೊಡುವ ತೂಕದ ಸರಳು ಉತ್ತರದ ಕಾಲಿಗೆ ಬಡಿಯುತ್ತದೆ. ಕೊನೆಗೆ ಟ್ರೈಪಾಡನ್ನೇ ತಿರುಗಿಸಿದೆ: ಉತ್ತರಕ್ಕೆ ಎರಡು ಕಾಲು, ದಕ್ಷಿಣಕ್ಕೆ ಒಂದು. ದಕ್ಷಿಣದ ಕಾಲಿನಡಿ ನಾಲ್ಕಿಂಚು ದಪ್ಪದ ತೇಗದ ತುಂಡು ಇಟ್ಟೆ. ಇಡೀ ಮೌಂಟ್ ಏಳು ಡಿಗ್ರಿಯಷ್ಟು ಉತ್ತರಕ್ಕೆ ವಾಲಿತು, ಸರಳಿಗೂ ಎರಡು ಕಾಲುಗಳ ನಡುವೆ ದಾರಿಯಾಯಿತು. ದಿಕ್ಕು ಹೊಂದಿಸುವ ಗೂಟಕ್ಕೆ ಮಾತ್ರ ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಹೊಸ ತೂತು ಕೊರೆಸಬೇಕಾಯಿತು. ನಾನೂರೋ ಐನೂರೋ ರೂಪಾಯಿ. ಇಡೀ ಯೋಜನೆಯಲ್ಲಿ ಇಷ್ಟು ಸಾರ್ಥಕವಾದ ಖರ್ಚು ಬೇರೊಂದಿಲ್ಲ.

ಮೌಂಟಿನ ಅಕ್ಷವನ್ನು ಗುರಿಯಿಡಬೇಕಾದ ಧ್ರುವ ನಕ್ಷತ್ರ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಹಾಗಾಗಿ ನಕ್ಷತ್ರ ಯಾವ ಕಡೆ ಜಾರುತ್ತದೆಂದು ನೋಡಿ ಅಕ್ಷ ಸರಿಪಡಿಸುವ ಡ್ರಿಫ್ಟ್ ವಿಧಾನವೇ ಗತಿ. ಅಕ್ಷದ ದಿಕ್ಕಿಗೆ ಮಧ್ಯಾಹ್ನರೇಖೆಯ (ನೆತ್ತಿಯ ಮೂಲಕ ಉತ್ತರ-ದಕ್ಷಿಣ ಹಾಯುವ ಗೆರೆ) ಬಳಿಯ ನಕ್ಷತ್ರ. ಎತ್ತರಕ್ಕೆ ಎಲ್ಲರೂ ಪೂರ್ವದ್ದನ್ನು ಹಿಡಿಯುತ್ತಾರೆ, ನನಗೆ ಅಲ್ಲಿ ತೆಂಗಿನಮರ ಅಡ್ಡ, ಪಶ್ಚಿಮದ್ದನ್ನು ಹಿಡಿದೆ. ಮೊದಮೊದಲು ಒಂದೂವರೆ ಗಂಟೆ ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷ. ಹೇಗೆ ಇಳಿಯಿತೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಫಿಲ್ಟರಿನಲ್ಲಿ ಒಂಬತ್ತು ಸಾವಿರ ನೀರುಪಾಲು. ಊರಿನ ಬೆಳಕು ತಡೆಯುವ ಹಳೆಯ ಬಗೆಯ ಫಿಲ್ಟರುಗಳು ಸೋಡಿಯಂ ದೀಪದ 589 ನ್ಯಾನೋಮೀಟರ್ ಹಳದಿಯನ್ನು ಕತ್ತರಿಸುತ್ತವೆ. ನಮ್ಮ ಬೀದಿಯಲ್ಲಿ ಆ ದೀಪಗಳೇ ಹೋಗಿ ಎಲ್ಇಡಿ ಬಂದಿವೆ. ಅವುಗಳ ಬೆಳಕು ವರ್ಣಪಟಲದ ಉದ್ದಕ್ಕೂ ಹರಡಿರುತ್ತದೆ. ಕೆಲಸ ಮಾಡಿದ್ದು ನೀಹಾರಿಕೆಯ ಹೈಡ್ರೋಜನ್ ಮತ್ತು ಆಮ್ಲಜನಕ ಹೊಳೆಯುವ 656 ಮತ್ತು 501ರ ಸುತ್ತ ಏಳು ನ್ಯಾನೋಮೀಟರ್ ಮಾತ್ರ ಬಿಡುವ ಜೋಡಿ ಫಿಲ್ಟರ್. ಇಪ್ಪತ್ತೆರಡು ಸಾವಿರ. ಮನೆಯಲ್ಲಿ ಆ ಅಂಕಿ ಇನ್ನೂ ಚರ್ಚೆಯಲ್ಲಿದೆ. ಕ್ಯಾಮೆರಾ ಹಳೆಯ ಕ್ಯಾನನ್ 600ಡಿ, ಒಳಗಿನ ಕೆಂಪು ತಡೆಯುವ ಫಿಲ್ಟರ್ ತೆಗೆಸಿದ್ದು. ತೆಗೆಸದಿದ್ದರೆ ಹೈಡ್ರೋಜನ್ ಕೆಂಪಿನ ಬಹುಪಾಲು ಅಲ್ಲೇ ನಿಂತುಬಿಡುತ್ತದೆ.

ಜನವರಿ ನಡುವೆ ರಾತ್ರಿ ಹನ್ನೊಂದರ ಸುಮಾರಿಗೆ ರೋಸೆಟ್ ದಿಗಂತದಿಂದ 80 ಡಿಗ್ರಿಗೂ ಮೇಲಿರುತ್ತದೆ. ಊರಿನ ಆಕಾಶ ನೆತ್ತಿಯಲ್ಲೇ ಸ್ವಲ್ಪವಾದರೂ ಕಪ್ಪು, ಅದೇ ನನ್ನ ಬಂಡವಾಳ. 420 ಮಿಲಿಮೀಟರ್ ನಾಭಿದೂರದ ಲೆನ್ಸ್ ದೂರದರ್ಶಕ, ಎರಡು ನಿಮಿಷದ ಫ್ರೇಮುಗಳು, ಕ್ಯಾಮೆರಾದ ಕಲೆಗಳು ಒಂದೇ ಕಡೆ ಕೂರದಂತೆ ಪ್ರತಿ ಮೂರಕ್ಕೊಮ್ಮೆ ಕೆಲವು ಪಿಕ್ಸೆಲ್ ಸರಿಸುವುದು, ಒಟ್ಟು ಆರು ಗಂಟೆಯ ಆಸುಪಾಸು. ಹಗಲಿಡೀ ಕಾದ ಕಾಂಕ್ರೀಟು ಒಂಬತ್ತರವರೆಗೂ ಬಿಸಿಯುಗುಳುತ್ತದೆ, ನಕ್ಷತ್ರಗಳು ಊದಿಕೊಳ್ಳುತ್ತವೆ. ಸಂಜೆ ನಾಲ್ಕು ಬಕೆಟ್ ನೀರು ಸುರಿದು ನೋಡಿದೆ: ಊತ ಇಳಿಯಿತು, ಆದರೆ ಲೆನ್ಸಿನ ಮೇಲೆ ಇಬ್ಬನಿ ಬೇಗ ಕೂತಿತು. ಈಗ ನೀರು ಬಿಟ್ಟು ಗೋಣಿಚೀಲ ಹಾಸುತ್ತೇನೆ.

ಮಾರ್ಚಿನಲ್ಲಿ ಅದೇ ಫಿಲ್ಟರಿನಲ್ಲಿ ದಕ್ಷಿಣ ಆಕಾಶದ ಕರೀನಾ ನೀಹಾರಿಕೆಗೂ ಕೈ ಹಾಕಿದೆ. ಇಲ್ಲಿಂದ ಅದು ಏರುವುದೇ 17 ಡಿಗ್ರಿ. ದೆಹಲಿಯವರಿಗೆ ಎರಡು ಡಿಗ್ರಿಯೂ ಇಲ್ಲ, ಹಾಗಾಗಿ ನಾವು ಬಿಡಬಾರದು. ಮಬ್ಬಿನ ನಡುವೆಯೂ ಅದರೊಳಗಿನ ಕೀಹೋಲ್‌ನ (ಬೀಗದ ಕಿಂಡಿಯಂತೆ ಕಾಣುವ ಧೂಳಿನ ಭಾಗ) ಕಪ್ಪು ಗುರುತು ಬಂದಿದೆ. ದಕ್ಷಿಣದ ಪ್ಯಾರಪೆಟ್ ಗೋಡೆ ಕೆಳಭಾಗವನ್ನು ನುಂಗುತ್ತಿರುವುದರಿಂದ ಮುಂದಿನ ವರ್ಷಕ್ಕೆ ಮೌಂಟ್ ಇಡಲು ಎರಡಡಿ ಎತ್ತರದ ಇಟ್ಟಿಗೆ ಕಟ್ಟೆ ಕಟ್ಟಿಸುತ್ತಿದ್ದೇನೆ. ಗಾರೆಯವರು ಆರು ಸಾವಿರ ಹೇಳಿದ್ದಾರೆ.