ಹಾಲಿನ ಹನಿಯಲ್ಲಿ ಅಣುಗಳ ಪೆಟ್ಟು ನೋಡುವುದು ಹೇಗೆ?

ನೀರಿನ ಅಣು ನಮ್ಮ ಶಾಲೆಯ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಆದರೆ ಅದು ಕೊಡುವ ಪೆಟ್ಟು ಕಾಣುತ್ತದೆ. ಒಂಬತ್ತನೇ ತರಗತಿಗೆ ಪರಮಾಣು ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ವೃತ್ತ ಬರೆಯುವ ಮೊದಲು ಇದನ್ನೇ ತೋರಿಸುತ್ತೇನೆ.

ಅರ್ಧ ಲೋಟ ನೀರಿಗೆ ಕೆಲವೇ ಹನಿ ಹಾಲು ಬೆರೆಸಿ. ಹೋಮೋಜಿನೈಸ್ ಮಾಡಿದ ಪ್ಯಾಕೆಟ್ ಹಾಲೇ ಒಳ್ಳೆಯದು, ಅದರಲ್ಲಿ ಕೊಬ್ಬಿನ ಕಣಗಳು ತುಂಬಾ ಸಣ್ಣ. ಈಗಷ್ಟೇ ಕರೆದ ಹಾಲಿನಲ್ಲಿ ದಪ್ಪ ಕಣಗಳು ಜಾಸ್ತಿ, ಅವು ಅಲುಗುವುದೇ ಕಡಿಮೆ. ಸ್ಲೈಡಿನ ಮೇಲೆ ಒಂದು ಹನಿ ಬಿಟ್ಟು ಕವರ್ ಸ್ಲಿಪ್ ಮುಚ್ಚಿ, ಸುತ್ತ ವ್ಯಾಸಲೀನ್ ಹಚ್ಚಿ. ಇದನ್ನು ಬಿಡಬೇಡಿ. ಅಂಚಿನಲ್ಲಿ ನೀರು ಆರುತ್ತಿದ್ದರೆ ಒಳಗೆ ಹರಿವು ಶುರುವಾಗುತ್ತದೆ.

40 ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಾಕಿ, ಡಯಾಫ್ರಾಮ್ (ಸ್ಲೈಡಿನ ಕೆಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ ಬೆಳಕು ತಗ್ಗಿಸಿ. ಐದು ನಿಮಿಷ ಸ್ಲೈಡ್ ಮುಟ್ಟಬೇಡಿ. ಆಮೇಲೆ ಅತಿ ಸಣ್ಣ ಚುಕ್ಕೆಯೊಂದನ್ನು ಹಿಡಿದು ನೋಡುತ್ತಾ ಇರಿ. ನಿಂತಲ್ಲೇ ನಡುಗುತ್ತದೆ, ಈ ಕಡೆ ಸರಿಯುತ್ತದೆ, ತಟಕ್ಕನೆ ಆ ಕಡೆ ತಿರುಗುತ್ತದೆ. ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಅದು ಹರಿವು, ಸ್ಲೈಡ್ ಮತ್ತೆ ಮಾಡಿ. ಪಕ್ಕಪಕ್ಕದ ಎರಡು ಕಣಗಳು ತಮ್ಮ ತಮ್ಮ ಪಾಡಿಗೆ ಕುಣಿಯುತ್ತಿದ್ದರೆ ನಮಗೆ ಬೇಕಾದದ್ದು ಸಿಕ್ಕಿತು: ಸುತ್ತಲಿನ ನೀರಿನ ಅಣುಗಳು ಕೊಬ್ಬಿನ ಕಣಕ್ಕೆ ಕೊಡುವ ಪೆಟ್ಟು.

"ಅದಕ್ಕೆ ಜೀವ ಇದೆಯಾ ಸರ್?" ಅಂತ ಮಕ್ಕಳು ಕೇಳುತ್ತಾರೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರಿಗೂ ಇದೇ ಅನುಮಾನ ಬಂದಿತ್ತು. ಪರಾಗದೊಳಗಿನ ಕಣಗಳು ಕುಣಿಯುವುದನ್ನು ಕಂಡ ಅವರು ಗಾಜು, ಕಲ್ಲು ಪುಡಿ ಮಾಡಿ ನೋಡಿದರು. ಅವೂ ಕುಣಿದವು! ಹಾಲಿನ ಬದಲು ನೀರಿಗೆ ಚೂರು ಇಂಡಿಯನ್ ಇಂಕ್ ಬೆರೆಸಿ ನೀವೂ ಪರೀಕ್ಷಿಸಿ. ಅದರಲ್ಲಿರುವ ಕಣಗಳು ಬರೀ ಇಂಗಾಲದ ಮಸಿ, ಜೀವ ಇಲ್ಲ.

ಇನ್ನು ಅಳತೆ. ನನಗೆ ತುಂಬಾ ಇಷ್ಟದ ಭಾಗ ಇದು. ಮೊಬೈಲನ್ನು ಐಪೀಸಿಗೆ ಅಲುಗದಂತೆ ಕಟ್ಟಿ ವಿಡಿಯೋ ಮಾಡಿ. ಕಂಪ್ಯೂಟರ್ ಪರದೆಗೆ ಪಾರದರ್ಶಕ ಹಾಳೆ ಅಂಟಿಸಿ, ಒಂದು ಕಣ ಇರುವ ಜಾಗಕ್ಕೆ 30 ಸೆಕೆಂಡಿಗೊಮ್ಮೆ ಚುಕ್ಕೆ ಇಡಿ. ಕಣ ಫೋಕಸ್ ತಪ್ಪಿದರೆ ಬಿಟ್ಟು ಬೇರೊಂದು ಹಿಡಿಯಿರಿ. 30 ಸೆಕೆಂಡಿನಲ್ಲಿ ಎಷ್ಟು ದೂರ ಸರಿಯಿತು, 2 ನಿಮಿಷದಲ್ಲಿ ಎಷ್ಟು ಅಂತ ನೇರ ಗೆರೆಯಲ್ಲಿ ಅಳೆಯಿರಿ. ಒಂದಿಪ್ಪತ್ತು ಕಣಗಳ ಸರಾಸರಿಯಾದರೂ ಬೇಕು. ಸಮಯ ನಾಲ್ಕು ಪಟ್ಟಾದರೂ ದೂರ ಸುಮಾರು ಎರಡೇ ಪಟ್ಟು! ನೇರ ನಡೆದಿದ್ದರೆ ನಾಲ್ಕು ಪಟ್ಟು ಆಗಬೇಕಿತ್ತು ಅಲ್ವಾ? ಎಲ್ಲ ಕಡೆಯಿಂದ ಅಡ್ಡಾದಿಡ್ಡಿ ಪೆಟ್ಟು ಬಿದ್ದಾಗ ಮಾತ್ರ ಹೀಗಾಗುತ್ತದೆ.

ನೀರು ಅಣುಗಳಿಂದ ಆಗಿದ್ದರೆ ಹೀಗೇ ಆಗಬೇಕು ಅಂತ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. ಪ್ಯಾರಿಸ್ಸಿನಲ್ಲಿ ಭೌತವಿಜ್ಞಾನಿ ಜಾನ್ ಪೆರಿನ್ ಅದನ್ನು ಅಳೆದು ತೋರಿಸಿದರು. ಕಣಗಳಿಗಾಗಿ ಅವರು ಬಳಸಿದ ಹಳದಿ ಅಂಟು ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆಯ ಕುಲದ ಮರದ್ದೇ. ಅಣುವನ್ನು ಒಪ್ಪದೆ ಹಟ ಹಿಡಿದಿದ್ದ ರಸಾಯನವಿಜ್ಞಾನಿ ಓಸ್ಟ್‌ವಾಲ್ಡ್ ಕೂಡ 1909ರಲ್ಲಿ ಒಪ್ಪಿಕೊಂಡರು. ಪರಮಾಣುವಿನ ಒಳಗಿನ ನ್ಯೂಕ್ಲಿಯಸ್ ಇಲ್ಲಿ ತಿಳಿಯುವುದಿಲ್ಲ. ಅದಕ್ಕೆ 1911ರ ರುದರ್‌ಫರ್ಡ್ ಅವರ ಕೆಲಸಕ್ಕೆ ಹೋಗಬೇಕು.