ಅಳತೆ ಒಂದೇ ಸಲ, ಪಟ್ಟಿ ಇಪ್ಪತ್ತು: ಮನೆಯಲ್ಲೇ ಮಾಡಿ ಗರಗಸದ ಜಿಗ್

ಒಂದೇ ಉದ್ದದ ಇಪ್ಪತ್ತು ಪಟ್ಟಿ ಕೊಯ್ಯಬೇಕು ಅಂದುಕೊಳ್ಳಿ. ಪ್ರತಿಯೊಂದಕ್ಕೂ ಟೇಪ್ ಹಿಡಿದು ಗೆರೆ ಎಳೆಯುತ್ತಾ ಕೂತರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಜೋಡಿಸುವಾಗ ನೋಡಿದರೆ ಒಂದು ಗಿಡ್ಡ, ಇನ್ನೊಂದು ಉದ್ದ. ಒಂದು ಸಣ್ಣ ಜಿಗ್, ಅಂದರೆ ಮರವನ್ನು ಹಿಡಿದಿಟ್ಟು ಗರಗಸಕ್ಕೆ ದಾರಿ ತೋರುವ ಸಾಧನ, ಇದ್ದರೆ ಈ ತಲೆನೋವಿಲ್ಲ. ಉಳಿದ ಪ್ಲೈವುಡ್ ಚೂರಿನಲ್ಲೇ ಮಾಡಬಹುದು.

18 ಮಿ.ಮೀ. ದಪ್ಪದ ಪ್ಲೈವುಡ್ ತಗೊಳ್ಳಿ. ಅಡ್ಡಕ್ಕೆ 300, ಮುಂದಿನಿಂದ ಹಿಂದಕ್ಕೆ 200 ಮಿ.ಮೀ. ಸಾಕು. ಹಲಗೆಯ ಅಡಿಯಲ್ಲಿ, ನಿಮ್ಮ ಕಡೆಯ ಅಂಚಿಗೆ ಒಂದು ಪಟ್ಟಿ ಬಡಿಯಿರಿ. ಅದು ಮೇಜಿನ ಅಂಚಿಗೆ ಆತು ನಿಲ್ಲುತ್ತದೆ. ಮೇಲ್ಗಡೆ, ಆಚೆ ಅಂಚಿಗೆ ಇನ್ನೊಂದು ನೇರ ಪಟ್ಟಿ. ಇದಕ್ಕೆ ಅಂಟು ಬೇಡ, ಸ್ಕ್ರೂ ಮಾತ್ರ. ಗರಗಸ ಹಾಯುವ ಜಾಗದಿಂದ ಸ್ಕ್ರೂ ದೂರವಿರಲಿ, ಇಲ್ಲದಿದ್ದರೆ ಹಲ್ಲು ಹಾಳಾಗುತ್ತದೆ.

ಮುಂದಿನದು ನಿಧಾನವಾಗಿ ಮಾಡಬೇಕಾದ ಕೆಲಸ. ಬಲತುದಿಯಿಂದ ಸುಮಾರು 60 ಮಿ.ಮೀ. ಒಳಗೆ, ಮೇಲಿನ ಪಟ್ಟಿಗೆ ಮೂಲೆಮಟ್ಟ ಆನಿಸಿ ಗೆರೆ ಎಳೆಯಿರಿ. ಪಟ್ಟಿಯ ಮುಖದ ಮೇಲೂ ನೆಟ್ಟಗೆ ಗೆರೆ ಇಳಿಸಿ. ಆ ಗೆರೆಯಲ್ಲೇ ಗರಗಸದಿಂದ ಹಲಗೆ ಮುಟ್ಟುವವರೆಗೆ ಕಚ್ಚು ಮಾಡಿ. ಇನ್ನು ಮುಂದೆ ಗರಗಸಕ್ಕೆ ದಾರಿ ತೋರುವುದು ಇದೇ ಕಚ್ಚು.

ಕಚ್ಚು ನೇರವಾಗಿದೆಯಾ ಎಂದು ನೋಡಲೇಬೇಕು. ಎರಡೂ ಅಂಚು ಸಮಾನಾಂತರವಾಗಿರುವ ಚೂರೊಂದನ್ನು ಕೊಯ್ಯಿರಿ. ಒಂದು ತುಂಡನ್ನು ಮಗುಚಿ ಹಾಕಿ, ಎರಡನ್ನೂ ನೇರ ಪಟ್ಟಿಗೆ ಒತ್ತಿ, ಕೊಯ್ದ ಮುಖಗಳನ್ನು ಕೂಡಿಸಿ. ಸಂದು ಕಂಡರೆ, ನಿಜವಾದ ತಪ್ಪು ಅದರ ಅರ್ಧ. ತಪ್ಪು ಎರಡರಷ್ಟಾಗಿ ಕಾಣುವುದರಿಂದ ಕೂದಲೆಳೆಯಷ್ಟು ಓರೆಯೂ ಕಣ್ತಪ್ಪುವುದಿಲ್ಲ. ಓರೆಯಿದ್ದರೆ ಪಕ್ಕದಲ್ಲೇ ಹೊಸ ಕಚ್ಚು ಮಾಡಿ.

ಈಗ ಕಚ್ಚಿನಿಂದ ಎಡಕ್ಕೆ ಬೇಕಾದ ಉದ್ದ ಅಳೆದು, ಮರದ ತುಂಡೊಂದನ್ನು ಮೇಲಿನ ಪಟ್ಟಿಗೆ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಆ ತುಂಡಿನ ಕೆಳಮೂಲೆಯನ್ನು ಸ್ವಲ್ಪ ಕೆತ್ತಿರಬೇಕು. ಇಲ್ಲವಾದರೆ ಗರಗಸದ ಹೊಟ್ಟು ಅಲ್ಲಿ ಸೇರಿ ಅಳತೆ ತಪ್ಪುತ್ತದೆ. ಕೊಯ್ಯಬೇಕಾದ ಪಟ್ಟಿಯನ್ನು ಈ ತುಂಡಿಗೆ ಆನಿಸಿ, ಕೊಯ್ಯಿರಿ, ತೆಗೆಯಿರಿ, ಮುಂದಿನದು. ಮೊದಲ ತುಂಡನ್ನು ಮಾತ್ರ ಅಳೆದು ನೋಡಿದರೆ ಸಾಕು.

ಜಪಾನಿ ಗರಗಸ ಎಳೆಯುವಾಗ ಕೊಯ್ಯುತ್ತದೆ ಅಲ್ವಾ, ಅದನ್ನು ಬಳಸುವವರು ಮೇಲಿನ ಪಟ್ಟಿಯನ್ನು ತಮ್ಮ ಕಡೆಯ ಅಂಚಿಗೆ ಹಾಕಿ, ಜಿಗ್ ಅನ್ನು ಮೇಜಿಗೆ ಕ್ಲ್ಯಾಂಪ್ ಮಾಡಿಕೊಳ್ಳಬೇಕು. ಬಳಸುತ್ತಾ ಕಚ್ಚು ಅಗಲವಾಗಿ ಗರಗಸ ಅಲುಗಾಡತೊಡಗಿದರೆ ಸ್ಕ್ರೂ ಬಿಚ್ಚಿ ಹೊಸ ಪಟ್ಟಿ ಹಾಕಿ.