ಇಜಕಾಯದಲ್ಲಿ ಮಾಂಸ, ಮೀನು ತಿನ್ನದವರ ಸಂಜೆ: ನನ್ನ ಅನುಭವ

ಟೋಕಿಯೊಗೆ ಕೆಲಸಕ್ಕೆ ಬಂದ ಎರಡನೇ ವಾರ ಆಫೀಸಿನವರು ನನ್ನ ಸ್ವಾಗತಕ್ಕೆ ಅಂತ ಶಿಂಬಾಶಿಯ ಒಂದು ಇಜಕಾಯಕ್ಕೆ, ಅಂದರೆ ಕುಡಿಯುತ್ತಾ ತಿನ್ನುತ್ತಾ ಕೂರುವ ಜಪಾನಿ ಅಂಗಡಿಗೆ, ಕರೆದುಕೊಂಡು ಹೋದರು. ರೈಲು ಹಳಿಯ ಕಮಾನಿನ ಕೆಳಗಿನ ಜಾಗ. ತಲೆ ಮೇಲೆ ರೈಲು ಹೋದಾಗಲೆಲ್ಲ ಗ್ಲಾಸು ಸಣ್ಣಗೆ ನಡುಗುತ್ತಿತ್ತು. ನಾನು ಮೊಟ್ಟೆ ತಿನ್ನುತ್ತೇನೆ. ಮಾಂಸ, ಮೀನು ತಿನ್ನುವುದಿಲ್ಲ, ಕುಡಿಯುವುದೂ ಇಲ್ಲ. ಇದನ್ನು ಮೊದಲೇ ಹೇಳಿದ್ದೆ. ಅವರು ಪ್ರೀತಿಯಿಂದ ನನಗಾಗಿ ಅಗೆದಾಶಿ ತೋಫು ತರಿಸಿದರು. ಕರಿದ ತೋಫು (ಸೋಯಾ ಹಾಲಿನ ಪನೀರ್ ಅನ್ನಿ), ಸುತ್ತ ಕಂದು ಬಣ್ಣದ ತಿಳಿ ಸಾರು. ತುಂಬಾ ರುಚಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ. ಆ ಸಾರು ಒಣ ಮೀನಿನ ಚೂರಿನಿಂದ ತೆಗೆದದ್ದು ಅಂತ ಗೊತ್ತಾಗಿದ್ದು ಮಾರನೇ ದಿನ.

ಯಾರೂ ನನಗೆ ಮೋಸ ಮಾಡಿರಲಿಲ್ಲ. ಅಲ್ಲಿ ಮೀನು ಅಂದರೆ ತಟ್ಟೆಯಲ್ಲಿ ಕಾಣುವ ಮೀನು. ದಾಶಿ ಅನ್ನುವ ಆ ಸಾರು ಅಡುಗೆಮನೆಯ ನೀರಿದ್ದ ಹಾಗೆ. ಒಗ್ಗರಣೆಗೆ ಇಂಗು ಹಾಕಿದ್ದೇವೆ ಅಂತ ನಾವೂ ಯಾರಿಗೂ ಬಿಡಿಸಿ ಹೇಳುವುದಿಲ್ಲ, ಅಲ್ವಾ? ಆದರೂ ಎರಡು ದಿನ ಮನಸ್ಸಿಗೆ ಕಸಿವಿಸಿ. ಇನ್ನು ಆ ಕಡೆ ಹೋಗೋದೇ ಬೇಡ ಅಂದುಕೊಂಡೆ. ಆದರೆ ಆಫೀಸಿನಲ್ಲಿ ತಲೆ ಎತ್ತದೆ ಕೆಲಸ ಮಾಡುವ ಜನ ಅಲ್ಲಿ ಕೂತು ತಮ್ಮ ಊರು, ಮಕ್ಕಳು, ಕಾಯಿಲೆ ಬಿದ್ದ ಅಮ್ಮ ಅಂತೆಲ್ಲ ಮಾತಾಡಿದ್ದರು. ಅಂಥ ಜಾಗ ಬಿಡೋಕೆ ಮನಸ್ಸಾಗಲಿಲ್ಲ.

ಹಾಗಾಗಿ ಮೊದಲು ಕಲಿತದ್ದು ಎರಡು ವಾಕ್ಯ. 'ನಿಕು ತೊ ಸಕಾನಾ ವಾ ತಬೆರಾರೆಮಾಸೆನ್. ಕತ್ಸುಒ ನೊ ದಾಶಿ ಮೊ ದಾಮೆ ದೆಸು.' ಮಾಂಸ, ಮೀನು ತಿನ್ನೋದಿಲ್ಲ, ಮೀನಿನ ದಾಶಿಯೂ ಆಗೋದಿಲ್ಲ ಅಂತ. 'ನಾನು ವೆಜಿಟೇರಿಯನ್' ಅಂದರೆ ಸಾಲದು. ಅದರಲ್ಲಿ ದಾಶಿಯೂ ಸೇರುತ್ತದೆ ಅಂತ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ದಾಶಿ ಅಂತ ಬಾಯಿಬಿಟ್ಟು ಹೇಳಿದರೆ ಮಾತ್ರ ಅಡುಗೆಯವರು ತಲೆ ಎತ್ತಿ ನೋಡಿ, ಒಂದು ಕ್ಷಣ ಯೋಚಿಸುತ್ತಾರೆ.

ಈ ಮಾತನ್ನು ಕೂತ ತಕ್ಷಣ ಹೇಳಬೇಕು. ಯಾಕೆಂದರೆ ನೀವು ಕೇಳದೆಯೇ ಒಂದು ಪುಟ್ಟ ಬಟ್ಟಲು ಮುಂದೆ ಬರುತ್ತದೆ. ಟೋಕಿಯೊದಲ್ಲಿ ಅದು ಒತೋಶಿ, ಒಸಾಕಾ ಕಡೆ ತ್ಸುಕಿದಾಶಿ. ತಲೆಗೆ 300ರಿಂದ 500 ಯೆನ್ ಬಿಲ್ಲಿಗೆ ಸೇರುತ್ತದೆ. ಹೊಸಬರಲ್ಲಿ ಎಷ್ಟೋ ಜನ ಇದಕ್ಕೆ ಬೇಸರ ಮಾಡಿಕೊಳ್ಳುತ್ತಾರೆ, ಕೇಳದ್ದಕ್ಕೆ ಯಾಕೆ ದುಡ್ಡು ಅಂತ. ನಾನು ಅದನ್ನು ಕೂರುವ ಜಾಗದ ಬಾಡಿಗೆ ಅಂತಲೇ ತಿಳಿಯುತ್ತೇನೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲದ ದೇಶದಲ್ಲಿ ಅದು ಜಾಸ್ತಿಯೇನಲ್ಲ.

ಇಜಕಾಯ ಅನ್ನುವ ಹೆಸರಲ್ಲೇ ಆ ಕೂರುವುದು ಇದೆ. ಸಕಾಯ ಅಂದರೆ ಸಾಕೆ ಅನ್ನುವ ಅಕ್ಕಿಯ ಮದ್ಯ ಮಾರುವ ಅಂಗಡಿ, ಮುಂದಿನ 'ಇ' ಅಂದರೆ ಇರುವುದು. ಎಡೊ ಕಾಲದಲ್ಲಿ (1603ರಿಂದ 1868) ಸಾಕೆ ಕೊಳ್ಳಲು ಬಂದವರು ಅಲ್ಲೇ ಕೂತು ಕುಡಿಯತೊಡಗಿದರು, ಅಂಗಡಿಯವರು ತಿನ್ನಲು ಏನಾದರೂ ಕೊಡತೊಡಗಿದರು. ಅದಕ್ಕೇ ಇಲ್ಲಿಗೆ ಹೊಟ್ಟೆ ತುಂಬಿಸಿಕೊಳ್ಳುವ ಅವಸರದಲ್ಲಿ ಹೋಗಬಾರದು. ಒಂದೇ ಸಲ ಆರು ಐಟಂ ಹೇಳಿದರೆ ಮೇಜಿನ ಮೇಲೆ ಎಲ್ಲ ತಣ್ಣಗಾಗುತ್ತದೆ. ನಾನು ಎರಡು ಹೇಳುತ್ತೇನೆ, ತಿನ್ನುತ್ತೇನೆ, 'ಸುಮಿಮಾಸೆನ್' (ಕ್ಷಮಿಸಿ) ಅಂತ ಕೂಗಿ ಮತ್ತೊಂದು ಹೇಳುತ್ತೇನೆ. ಮೊದಮೊದಲು ಕೂಗಲು ಸಂಕೋಚವಾಗುತ್ತಿತ್ತು. ಅಲ್ಲಿ ಕೂಗದಿದ್ದರೆ ಯಾರೂ ಬರುವುದಿಲ್ಲ.

ನಾನಿರುವುದು ನಿಶಿ-ಕಸಾಯ್‌ನಲ್ಲಿ. ಭಾರತದವರು ಬಹಳ ಇರುವ ಬಡಾವಣೆ. ಆಫೀಸಿನಿಂದ ತೋಜಾಯ್ ಲೈನಿನಲ್ಲಿ ಬರುವಾಗ ಮೊಂಜೆನ್-ನಕಾಚೊ ನಿಲ್ದಾಣ ಸಿಗುತ್ತದೆ. ಅಲ್ಲಿನ ಒಂದು ಗಲ್ಲಿಯಲ್ಲಿ ಒಂಬತ್ತು ಸ್ಟೂಲು ಇರುವ ಒಂದು ಅಂಗಡಿ ನನ್ನದಾಯಿತು. ಹೊರಗೆ ಕೆಂಪು ಕಾಗದದ ಗೂಡುದೀಪ, ಬಾಗಿಲಿಗೆ ನೀಲಿ ಬಟ್ಟೆಯ ಪರದೆ. ದೊಡ್ಡ ಅಂಗಡಿಗಳಲ್ಲಿ ಟ್ಯಾಬ್ಲೆಟ್ ಒತ್ತಿ ಆರ್ಡರ್ ಮಾಡಬಹುದು, ಭಾಷೆ ಬರದವರಿಗೆ ಅದು ಅನುಕೂಲ. ಆದರೆ ಟ್ಯಾಬ್ಲೆಟ್ಟಿಗೆ ದಾಶಿ ಬಗ್ಗೆ ಹೇಳಲು ಆಗುವುದಿಲ್ಲ. ನನ್ನಂಥವರಿಗೆ ಅಡುಗೆಯವರ ಎದುರಿನ ಕಟ್ಟೆಯೇ ಸರಿ. ಅಂಗಡಿಯ ಯಜಮಾನರನ್ನು ಎಲ್ಲರೂ 'ತೈಶೊ' ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಅಲ್ಲಿ ಮೊದಲು ಹೇಳುವುದು ಎದಮಾಮೆ. ಎಳೆ ಸೋಯಾ ಕಾಯಿ. ತೈಶೊ ಪ್ರತಿ ಕಾಯಿಯ ಎರಡೂ ತುದಿಯನ್ನು ಕತ್ತರಿಯಲ್ಲಿ ಕತ್ತರಿಸುತ್ತಾರೆ, ಉಪ್ಪು ಒಳಗೆ ಹೋಗಲಿ ಅಂತ. ಆಮೇಲೆ ಅಂಗೈಯಲ್ಲಿ ಉಪ್ಪು ಹಾಕಿ ಗಸಗಸ ಉಜ್ಜುತ್ತಾರೆ. ನಾಲ್ಕೈದು ನಿಮಿಷ ಕುದಿಸಿ, ಜರಡಿಗೆ ಸುರಿದು, ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ನೀರಲ್ಲಿ ತಣಿಸಿದರೆ ರುಚಿ ಹೋಗುತ್ತಂತೆ. ಕಾಯಿಯನ್ನು ತುಟಿಗಿಟ್ಟು ಒತ್ತಿದರೆ ಕಾಳು ಬಾಯಿಗೆ ಹಾರುತ್ತದೆ. ನಮ್ಮೂರಲ್ಲಿ ಧನುರ್ಮಾಸದ ಚಳಿಗೆ ಸೊಗಡಿನ ಅವರೆಕಾಯಿ ಬೇಯಿಸಿ ಸಿಪ್ಪೆ ಗುಡ್ಡೆ ಹಾಕುತ್ತಾ ತಿಂದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ಇದ್ದಿಲ ಮೇಲೆ ಕಡ್ಡಿಗೆ ಸಿಕ್ಕಿಸಿ ಸುಟ್ಟದ್ದು. ಯಕಿತೊರಿ ಅಂದರೆ ಕೋಳಿ. ಆದರೆ ಅದೇ ಕೆಂಡದ ಮೇಲೆ ಶಿಶಿತೊ ಅನ್ನುವ ಖಾರವಿಲ್ಲದ ಹಸಿಮೆಣಸಿನಕಾಯಿ, ಶಿತಾಕೆ ಅಣಬೆ, ಈರುಳ್ಳಿದಂಟು, ಗಿಂಕ್ಗೊ ಬೀಜ ಎಲ್ಲ ಸುಡುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ತಾರೆ ಅನ್ನುವ ಸಿಹಿ ಸೋಯಾ ರಸದ ಭರಣಿಗೆ ಕೋಳಿಯ ಕಡ್ಡಿಗಳನ್ನೂ ಅದ್ದಿ ಅದ್ದಿ ತೆಗೆದಿರುತ್ತಾರೆ. ಅದಕ್ಕೇ ನಾನು 'ಶಿಒ ದೆ' ಅನ್ನುತ್ತೇನೆ, ಬರೀ ಉಪ್ಪಲ್ಲಿ ಅಂತ. ಒಲೆ ಮಾತ್ರ ಒಂದೇ. ಅದೂ ಬೇಡ ಅನ್ನುವವರು ಸುಟ್ಟದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ತಣ್ಣನೆಯ ತೋಫು ಹೇಳಿದರೆ ಮೇಲೆ ಮೀನಿನ ಚೂರು ಉದುರಿಸುತ್ತಾರೆ. 'ಕತ್ಸುಒಬುಶಿ ನುಕಿ ದೆ' ಅಂದರೆ ಹಾಕುವುದಿಲ್ಲ, ಶುಂಠಿ ತುರಿ ಮಾತ್ರ ಬರುತ್ತದೆ. ಆಲೂಗಡ್ಡೆ ಸಲಾಡಿನಲ್ಲಿ ಹ್ಯಾಮ್ ಇರುವುದು ಮಾಮೂಲಿ. ಸುರುಳಿ ಆಮ್ಲೆಟ್ಟಿನ ಹೆಸರು ದಾಶಿಮಾಕಿ, ಹೆಸರೇ ಹೇಳುತ್ತದೆ. ಕೊನೆಗೆ ಅನ್ನದ ಉಂಡೆಗೆ ಸೋಯಾ ಸಾಸ್ ಸವರಿ ಸುಟ್ಟ ಯಕಿ-ಒನಿಗಿರಿ. ಹೊರಗೆ ತಳ ಹಿಡಿದ ಅನ್ನದ ಹಾಗೆ ಗರಿಗರಿ, ಒಳಗೆ ಮೆತ್ತಗೆ.

ಕುಡಿಯದವರು ಹೆದರಬೇಕಿಲ್ಲ. ಊಲಾಂಗ್ ಟೀ ಹೇಳಿ ಎಲ್ಲರ ಜೊತೆ ಗ್ಲಾಸೆತ್ತಿ 'ಕಂಪಾಯ್' (ಚಿಯರ್ಸ್) ಅಂದರೆ ಸಾಕು, ಯಾರೂ ಬಲವಂತ ಮಾಡಿಲ್ಲ. ತಮ್ಮ ಗ್ಲಾಸಿಗೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವರದ್ದು ಖಾಲಿಯಾದರೆ ನಾವು ಸುರಿಯುತ್ತೇವೆ. ಈ ಪದ್ಧತಿ ನನಗೆ ತುಂಬಾ ಇಷ್ಟ. ನನ್ನ ಗ್ಲಾಸಿನಲ್ಲಿ ಟೀ ಇದ್ದರೂ ಬಾಟಲಿ ಹಿಡಿದು ಬೇರೆಯವರಿಗೆ ಸುರಿಯುವುದು ನನ್ನ ಪಾಲಿಗೆ ಬರುತ್ತದೆ. ನೊಮಿಹೊದಾಯ್, ಅಂದರೆ 90 ಅಥವಾ 120 ನಿಮಿಷ ಎಷ್ಟು ಬೇಕಾದರೂ ಕುಡಿಯುವ ಲೆಕ್ಕ, ನಮಗೆ ದುಬಾರಿ. ಮೇಜಿನ ಎಲ್ಲರೂ ಅದನ್ನೇ ತಗೋಬೇಕು ಅನ್ನುವ ನಿಯಮ ಬಹಳ ಕಡೆ ಇದೆ, ಮೊದಲೇ ಕೇಳಿಕೊಳ್ಳಿ.

ಆ ಅಂಗಡಿಗೆ ಹೋಗತೊಡಗಿ ಏಳೆಂಟು ತಿಂಗಳಾಗಿತ್ತು. ಒಂದು ಗುರುವಾರ, ಮಳೆ ಬೇರೆ, ನಾನೊಬ್ಬನೇ ಇದ್ದೆ. ತೈಶೊ ಏನೂ ಹೇಳದೆ ಒಂದು ಬಟ್ಟಲು ಮುಂದಿಟ್ಟರು. ಅಗೆದಾಶಿ ತೋಫು. ನಾನು ಅವರ ಮುಖ ನೋಡಿದೆ. ಅವರು ಒಲೆ ಪಕ್ಕದ ಪಾತ್ರೆಯಿಂದ ದಪ್ಪ ಕಡಲಪಾಚಿಯ ಒಂದು ಹಾಳೆಯನ್ನು ಚಾಪ್‌ಸ್ಟಿಕ್ಕಿನಲ್ಲಿ ಎತ್ತಿ ತೋರಿಸಿದರು. 'ಕೊಂಬು ತೊ ಶಿತಾಕೆ' ಅಂದರು. ಕೊಂಬು ಅಂದರೆ ಆ ಪಾಚಿ. ಬೆಳಿಗ್ಗೆಯೇ ನೀರಿಗೆ ಹಾಕಿಟ್ಟಿದ್ದರಂತೆ.

ಶಿಂಬಾಶಿಯಲ್ಲಿ ತಿಂದ ರುಚಿ ಅದಕ್ಕಿರಲಿಲ್ಲ. ಇದು ಬೇರೆ. ಮೂಗಿಗೆ ಅಣಬೆಯ ಘಮ, ನಾಲಿಗೆಗೆ ಕೊನೆಯಲ್ಲಿ ಸಣ್ಣ ಸಿಹಿ. ತೋಫುವಿನ ಅಂಚು ಇನ್ನೂ ಗರಿಯಾಗಿತ್ತು, ಸಾರು ಹೀರಿದ ಕಡೆ ಜಾರುತ್ತಿತ್ತು. ನನಗೆ ಮಾತು ಬರಲಿಲ್ಲ, ಬಟ್ಟಲೆತ್ತಿ ಸಾರನ್ನೂ ಪೂರ್ತಿ ಕುಡಿದೆ. ಹೊರಡುವಾಗ ಎರಡೂ ಕೈ ಜೋಡಿಸಿ 'ಗೊಚಿಸೊಸಾಮಾ' ಅಂದೆ, ಊಟಕ್ಕೆ ಧನ್ಯವಾದ ಅಂತ. ಬಿಲ್ಲಿನಲ್ಲಿ ಅದಕ್ಕೆ ಮಾಮೂಲಿ ಅಗೆದಾಶಿಯ ರೇಟನ್ನೇ ಹಾಕಿದ್ದರು.